ಪತ್ತನಾಜೆಯೊಳಗೆ ನಮ್ಮ ಓಣಿ

ಏಪ್ರಿಲ್ ಎರಡನೇ ವಾರ ಮಂಗಳೂರಿನ ನಮ್ಮ ಮನೆಯ ಬಾವಿಯ ಪಂಪು ಗಾಳಿ ಎಳೆಯಲು ಶುರು ಮಾಡಿತು. ಆ ಸದ್ದು ಕೇಳಿದ ಕೂಡಲೇ ಗೊತ್ತಾಗುತ್ತದೆ. ಸ್ವಿಚ್ ಆಫ್ ಮಾಡಿ ಓಡಿಹೋಗಿ ಬಗ್ಗಿ ನೋಡಿದರೆ ತಳದ ಕಲ್ಲು ಕಾಣುತ್ತಿತ್ತು. ಒಂದು ಮೂಲೆಯಲ್ಲಿ ಮಾತ್ರ ಮೊಣಕಾಲು ಮಟ್ಟದ ನೀರು. ಅಮ್ಮ ಮದುವೆಯಾಗಿ ಈ ಮನೆಗೆ ಬಂದಾಗ ಮೇ ತಿಂಗಳಲ್ಲೂ ಕೊಡಪಾನ ಪೂರ್ತಿ ಮುಳುಗುವಷ್ಟು ನೀರು ಇರುತ್ತಿತ್ತಂತೆ. ಅದೇ ಬಾವಿ. ಆಳ ಕಡಿಮೆಯಾಗಿಲ್ಲ, ಮಧ್ಯೆ ಒಂದು ಸಲ ಜಾಸ್ತಿಯೇ ಮಾಡಿಸಿದ್ದೇವೆ.

ಇದೇ ಓಣಿಯ ಕೆಳತುದಿಯಲ್ಲಿರುವ ಮೂರು ಮನೆಗಳಿಗೆ ಕಳೆದ ಜೂನ್‌ನಲ್ಲಿ ನೀರು ನುಗ್ಗಿತ್ತು. ರಾತ್ರಿ ಎರಡು ಗಂಟೆಗೆ ನಾವೆಲ್ಲ ಟಾರ್ಚ್ ಹಿಡಿದು ಹೋಗಿ ಬಾಯಮ್ಮನ ಅಕ್ಕಿ ಡಬ್ಬ, ಗ್ಯಾಸ್ ಸಿಲಿಂಡರ್, ಮೊಮ್ಮಗಳ ಪುಸ್ತಕ ಎಲ್ಲ ಮೇಜಿನ ಮೇಲೆ ಏರಿಸಿದ್ದೆವು. ಫ್ರಿಜ್ ಎತ್ತಲು ಆಗಲಿಲ್ಲ, ಅದು ಹೋಯಿತು.

ಈ ಎರಡನ್ನೂ ನಾವು ಬೇರೆ ಬೇರೆ ತೊಂದರೆ ಅಂತಲೇ ಅಂದುಕೊಂಡಿದ್ದೆವು. ಬೇಸಿಗೆಯಲ್ಲಿ ಟ್ಯಾಂಕರ್‌ನವರಿಗೆ ಫೋನ್, ಮಳೆಗಾಲದಲ್ಲಿ ತೋಡಿನ (ಮಳೆನೀರು ಹರಿಯುವ ಸಣ್ಣ ಹಳ್ಳದ) ಬಗ್ಗೆ ದೂರು. ಈ ಸಲ ಬಾವಿ ಆರಿದಾಗ ಬಾಯಮ್ಮ ನೋಡಲು ಬಂದರು. ಕಟ್ಟೆ ಹಿಡಿದು ಬಗ್ಗಿ ನೋಡಿ, ಆಮೇಲೆ ನಮ್ಮ ತಾರಸಿಯ ಕಡೆ ಕೈ ತೋರಿಸಿ ಹೇಳಿದರು: "ಮಗಾ, ನಿಮ್ಮ ಮನೆ ಮೇಲಿನ ನೀರು ಮಳೆಗಾಲದಲ್ಲಿ ನನ್ನ ಅಡುಗೆ ಕೋಣೆಗೆ ಬರುದು. ಇಲ್ಲಿಗೆ ಬಿಟ್ಟಿದ್ರೆ ನಿಮಗೂ ಆಗ್ತಿತ್ತಲ್ವಾ?"

ನಾನು ಏನೂ ಹೇಳಲಿಲ್ಲ. ಅವರು ಹೇಳಿದ್ದು ಸರಿ. ನಮ್ಮ ತಾರಸಿಯ ಪೈಪು ನೇರ ರಸ್ತೆಗೆ ಇಳಿಯುತ್ತದೆ, ರಸ್ತೆ ಇಳಿಜಾರು, ಇಳಿಜಾರಿನ ಕೊನೆಯಲ್ಲಿ ಅವರ ಮನೆ. ಜೂನ್‌ನಲ್ಲಿ ಅವರ ಮನೆಗೆ ನುಗ್ಗುವುದು ಏಪ್ರಿಲ್‌ನಲ್ಲಿ ನಮ್ಮ ಬಾವಿಯಲ್ಲಿ ಇರಬೇಕಾಗಿದ್ದ ನೀರು.

ಇಡೀ ಮಂಗಳೂರಿಗೂ ಇದೇ ಕಥೆ. 2018ರ ಮೇ 29ರಂದು ಒಂದೇ ದಿನದ ಮಳೆಗೆ ಊರು ಮುಳುಗಿದ್ದು ನಿಮಗೆ ನೆನಪಿರಬಹುದು. ಮರುವರ್ಷ, 2019ರ ಮೇ ತಿಂಗಳಲ್ಲಿ, ತುಂಬೆ ಡ್ಯಾಮ್‌ನಲ್ಲಿ ನೀರು ಇಳಿದು ಮನೆಗಳಿಗೆ ಸರದಿಯ ಮೇಲೆ ನೀರು ಬಿಡಬೇಕಾಯಿತು. ಮಧ್ಯೆ ಪೂರ್ತಿ ಒಂದು ವರ್ಷದ ಅಂತರವೂ ಇರಲಿಲ್ಲ. ವರ್ಷಕ್ಕೆ 3,500 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುವ ಊರು ಇದು. ಆದರೂ ಮೇ ತಿಂಗಳಲ್ಲಿ ನಾವು ಬಂಟ್ವಾಳ ತಾಲೂಕಿನ ತುಂಬೆಯಿಂದ ಪೈಪಿನಲ್ಲಿ ಬರುವ ನೇತ್ರಾವತಿಯ ನೀರನ್ನೇ ಕಾಯುತ್ತಾ ಕೂರುತ್ತೇವೆ.

ಲೆಕ್ಕ ಸುಲಭ. ನೂರು ಚದರ ಮೀಟರಿನ ತಾರಸಿಯ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ನೂರು ಲೀಟರ್. 3,500 ಮಿಲಿಮೀಟರ್ ಅಂದರೆ ಮೂರೂವರೆ ಲಕ್ಷ ಲೀಟರ್. ಅದರಲ್ಲಿ ಐದನೇ ಒಂದು ಪಾಲು ಆವಿಯಾಗಿ, ಚೆಲ್ಲಿ ಹೋಯಿತು ಅಂತ ಬಿಟ್ಟರೂ 2.8 ಲಕ್ಷ ಉಳಿಯುತ್ತದೆ. 6,000 ಲೀಟರಿನ ಟ್ಯಾಂಕರ್ ಲೆಕ್ಕದಲ್ಲಿ 46 ಟ್ಯಾಂಕರ್‌ಗಿಂತ ಜಾಸ್ತಿ. ಇದು ಒಂದು ಮನೆಯದ್ದು. ನಮ್ಮ ಓಣಿಯಲ್ಲಿ 22 ಮನೆ.

ಹಳಬರಿಗೆ ಇದು ಗೊತ್ತಿರಲಿಲ್ಲವಾ? ಚೆನ್ನಾಗಿ ಗೊತ್ತಿತ್ತು. ನಮ್ಮ ಕಡೆಯ ಜಾಗದ ಹೆಸರುಗಳನ್ನೇ ನೋಡಿ. ಪದವು ಅಂದರೆ ಮೇಲಿನ ಮುರಕಲ್ಲಿನ (ಜಂಬಿಟ್ಟಿಗೆಯ) ಬಯಲು. ಗುಡ್ಡೆ. ಅದರ ಕೆಳಗೆ ಬೆಟ್ಟು, ಮಜಲು, ಎಲ್ಲಕ್ಕಿಂತ ಕೆಳಗೆ ಬೈಲು. ಬೆಟ್ಟು ಗದ್ದೆ ಮಳೆ ನಂಬಿದ್ದು, ಮಜಲಿನಲ್ಲಿ ಸ್ವಲ್ಪ ಜಾಸ್ತಿ ದಿನ ತೇವ, ಬೈಲಿನಲ್ಲಿ ಮಳೆ ಬಿಟ್ಟ ಮೇಲೂ ನೀರು. ಪದವಿನಂಗಡಿ, ಮಣ್ಣಗುಡ್ಡೆ, ಕೊಡಿಯಾಲ್‌ಬೈಲ್ ಅಂತ ಬಸ್ಸಿನ ಬೋರ್ಡಿನಲ್ಲಿ ದಿನಾ ಓದುತ್ತೇವೆ, ಆದರೆ ಅದು ನೀರು ಎಲ್ಲಿ ಬೀಳುತ್ತದೆ, ಎಲ್ಲಿ ನಿಲ್ಲುತ್ತದೆ ಅಂತ ಬರೆದಿಟ್ಟ ಪ್ಲಾನು ಅಂತ ನಮಗೆ ಹೊಳೆಯುವುದೇ ಇಲ್ಲ. ಬೈಲಿನಲ್ಲಿ ಮನೆ ಕಟ್ಟಬಾರದಿತ್ತು ಅಂತ ನಾನು ಹೇಳುತ್ತಿಲ್ಲ. ಬಾಯಮ್ಮನ ಮನೆ ಇರುವುದೂ ಹಳೆಯ ಗದ್ದೆಯಲ್ಲೇ, ಅವರು ಎಲ್ಲಿಗೆ ಹೋಗಬೇಕು? ಬೈಲಿನವರು ಒಣಗಿರಬೇಕಾದರೆ ಗುಡ್ಡೆಯವರು ನೀರು ಹಿಡಿಯಬೇಕು. ನಾನು ಹೇಳುವುದು ಅಷ್ಟೇ.

ಗುಡ್ಡೆಯಲ್ಲಿರುವ ನಾವು ಮಾಡಿದ್ದು ಏನು? ಅಂಗಳಕ್ಕೆ ಇಂಟರ್‌ಲಾಕ್ ಹಾಕಿಸಿದೆವು. ನಾನೂ ಹಾಕಿಸಿದೆ, ಮಳೆಗಾಲದಲ್ಲಿ ಕಾಲು ಕೆಸರಾಗುತ್ತದೆ ಅಂತ. ರಸ್ತೆಗೆ ಕಾಂಕ್ರೀಟ್ ಬಂತು, ಒಳ್ಳೆಯದೇ ಆಯಿತು, ಆದರೆ ಕಾಂಕ್ರೀಟ್ ಎರಡೂ ಬದಿಯ ಕಂಪೌಂಡ್ ಗೋಡೆಗೆ ಮುಟ್ಟುವ ತನಕ ಬಂತು. ಮೊದಲು ಗೋಡೆ ಬದಿಯಲ್ಲಿ ಎರಡು ಅಡಿ ಮಣ್ಣು ಇತ್ತು, ಹುಲ್ಲು ಬೆಳೆಯುತ್ತಿತ್ತು, ನೀರು ಇಂಗುತ್ತಿತ್ತು. ಈಗ ಇಡೀ ಓಣಿಯೇ ಒಂದು ಜಾರುಬಂಡೆ.

ಮಾರ್ಚ್ ಕೊನೆಯ ಭಾನುವಾರ ನಾವು ಎಂಟು ಜನ ಓಣಿಯ ಮೇಲಿನಿಂದ ಕೆಳಗಿನ ತನಕ ನಡೆದು ಎಲ್ಲೆಲ್ಲಿ ಏನು ಸರಿಯಿಲ್ಲ ಅಂತ ಒಂದು ಹಳೇ ಡೈರಿಯಲ್ಲಿ ಪಟ್ಟಿ ಬರೆದುಕೊಂಡಿದ್ದೆವು. ಒಂದು ಗಂಟೆ ಸಾಕು ಅಂದುಕೊಂಡವರು ಮೂರು ಗಂಟೆ ನಡೆದೆವು. ಎಲ್ಲಕ್ಕಿಂತ ಜಾಸ್ತಿ ಹೊತ್ತು ಹೋದದ್ದು ಚರಂಡಿಗೆ. ಒಂದು ಕಡೆ ನೀರಿನ ಪೈಪು ಚರಂಡಿಯ ಮಧ್ಯದಲ್ಲೇ ಅಡ್ಡ ಹಾದುಹೋಗಿದೆ. ಅದಕ್ಕೆ ತೆಂಗಿನ ಗರಿ, ಪ್ಲಾಸ್ಟಿಕ್ ಸಿಕ್ಕಿಹಾಕಿಕೊಂಡು ಗೋಡೆಯ ಹಾಗೆ ಆಗಿದೆ. ಎರಡು ಕಡೆ ಸ್ಲ್ಯಾಬ್ ಎತ್ತಲು ಕೊಂಡಿಯೇ ಇಲ್ಲ. ಎತ್ತದಿದ್ದರೆ ಹೂಳು ತೆಗೆಯುವುದು ಹೇಗೆ? ಒಂದು ಮನೆಯವರು ಗೇಟಿಗೆ ರ‍್ಯಾಂಪ್ ಮಾಡುವಾಗ ಚರಂಡಿಯನ್ನು ಅರ್ಧಕ್ಕೆ ಇಳಿಸಿದ್ದಾರೆ. ಅವರೂ ನಮ್ಮ ಜೊತೆಗೇ ಇದ್ದರು, ನೋಡಿ, "ಇದು ನಾನು ಸರಿ ಮಾಡಿಸ್ತೇನೆ" ಅಂದರು. ಒಂದೇ ವಾರದಲ್ಲಿ ಮಾಡಿಸಿಯೂ ಆಯಿತು. ಯಾರೂ ಜಗಳ ಮಾಡಬೇಕಾಗಲಿಲ್ಲ, ಒಟ್ಟಿಗೆ ನಡೆದದ್ದೇ ಸಾಕಾಯಿತು.

ಹೂಳಿನ ವಿಷಯ ಇನ್ನೂ ಹೇಳಬೇಕು. ಪ್ರತಿ ವರ್ಷ ಮೇ ಕೊನೆಯಲ್ಲಿ ಯಾರೋ ಬಂದು ಚರಂಡಿಯ ಹೂಳು ಎತ್ತುತ್ತಾರೆ. ಎತ್ತಿ ಅಲ್ಲೇ ಬದಿಯಲ್ಲಿ ರಾಶಿ ಹಾಕುತ್ತಾರೆ. ಆಮೇಲೆ ಸಾಗಿಸುವ ಗಾಡಿ ಬರುವುದಿಲ್ಲ, ಮಳೆ ಬರುತ್ತದೆ. ಎರಡೇ ದಿನದಲ್ಲಿ ಅಷ್ಟೂ ಹೂಳು ವಾಪಸ್ ಚರಂಡಿಗೆ. ಕೆಲಸದವರು ಬಿಸಿಲಿನಲ್ಲಿ ಬೆವರು ಸುರಿಸಿ ಮಾಡಿದ ಕೆಲಸ ಹೀಗೆ ಹೋಗುವುದನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ. ಎತ್ತಿದ ದಿನವೇ ಸಾಗಿಸಬೇಕು, ಇಲ್ಲದಿದ್ದರೆ ಎತ್ತಿ ಪ್ರಯೋಜನವಿಲ್ಲ.

ಕಾಲದ ಲೆಕ್ಕ ನಮಗೆ ಪತ್ತನಾಜೆ ಕಲಿಸಿಕೊಟ್ಟಿದೆ. ತುಳುವರ ಬೇಶ ತಿಂಗಳಿನ ಹತ್ತನೇ ದಿನ, ಮೇ 24ರ ಆಚೀಚೆ ಬರುತ್ತದೆ. ಆಮೇಲೆ ದೈವದ ಕೋಲ ಇಲ್ಲ, ಯಕ್ಷಗಾನ ಮೇಳದವರು ಗೆಜ್ಜೆ ಬಿಚ್ಚುತ್ತಾರೆ. ಇನ್ನು ಮಳೆಯ ಕಾಲ ಅಂತ ಎಲ್ಲರಿಗೂ ಗೊತ್ತು. ದೈವದ ಕೆಲಸಕ್ಕೇ ಗಡುವು ಇಟ್ಟ ಊರಿನಲ್ಲಿ ಚರಂಡಿ ಕೆಲಸಕ್ಕೆ ಗಡುವು ಬೇಡವಾ? ಈಗ ನೋಡಿದರೆ ರಸ್ತೆ ಅಗೆಯುವುದು ಶುರುವಾಗುವುದೇ ಏಪ್ರಿಲ್‌ನಲ್ಲಿ. ಕಾಂಕ್ರೀಟ್ ಹಾಕಿದರೆ ಕನಿಷ್ಠ ಎರಡು ವಾರ ದಿನಾ ನೀರು ಹಾಕಿ ನೆನೆಸಬೇಕು. ಬಾವಿ ಆರಿರುವ, ನಳ್ಳಿಯಲ್ಲಿ ನೀರು ಸಣ್ಣಗೆ ಬರುವ ತಿಂಗಳಲ್ಲೇ ರಸ್ತೆಗೆ ಅಷ್ಟು ನೀರು ಎಲ್ಲಿಂದ ತರುವುದು? ನೀರು ಸರಿಯಾಗಿ ಹಾಕದಿದ್ದರೆ ರಸ್ತೆ ಬಿರುಕು ಬಿಡುತ್ತದೆ. ಈ ವರ್ಷ ನಮ್ಮ ಓಣಿಯ ಬಾಯಿಯಲ್ಲಿ ಅಗೆದು ಹಾಕಿದ್ದರಿಂದ ಟ್ಯಾಂಕರ್ ಒಳಗೆ ಬರಲಾಗದೆ, ವಯಸ್ಸಾದವರೂ ಮುಖ್ಯರಸ್ತೆಯಿಂದ ಕೊಡಪಾನ ಹೊತ್ತರು. ಇದೇ ಕೆಲಸ ನವೆಂಬರ್, ಡಿಸೆಂಬರ್‌ನಲ್ಲಿ ಮಾಡಿದರೆ ಬಾವಿಯಲ್ಲಿ ನೀರು ಇರುತ್ತದೆ, ಮಣ್ಣು ಮೆದು ಇರುತ್ತದೆ, ಮಳೆಗೆ ಆರು ತಿಂಗಳು ಇರುತ್ತದೆ.

ಹಾಗಾಗಿ ನಮ್ಮ ಪಟ್ಟಿಯನ್ನು ಬೇಸಿಗೆಯಲ್ಲಿ ಕೊಟ್ಟು ಪ್ರಯೋಜನವಿಲ್ಲ. ಮಳೆ ಬಿಟ್ಟ ಕೂಡಲೇ ವಾರ್ಡ್ ಸಮಿತಿಗೆ ಕೊಡಬೇಕು. ಪಾಲಿಕೆಯ 60 ವಾರ್ಡ್‌ಗಳಿಗೂ ವಾರ್ಡ್ ಸಮಿತಿ ಇರಬೇಕು ಅಂತ ಕರ್ನಾಟಕ ಮುನಿಸಿಪಲ್ ಕಾರ್ಪೊರೇಷನ್ ಕಾಯ್ದೆಯಲ್ಲೇ ಇದೆ. ಕಾರ್ಪೊರೇಟರ್ ಅಧ್ಯಕ್ಷರು, ಜೊತೆಗೆ ಹತ್ತು ಜನ ಸದಸ್ಯರು, ಅವರಲ್ಲಿ ಕನಿಷ್ಠ ಮೂವರು ಮಹಿಳೆಯರು, ಇಬ್ಬರು ನಿವಾಸಿಗಳ ಸಂಘದ ಕಡೆಯವರು. ಎಷ್ಟೋ ಜನರಿಗೆ ಇದು ಗೊತ್ತೇ ಇಲ್ಲ. ನೀವು ಮಂಗಳೂರಿನವರಾದರೆ ನಿಮ್ಮ ವಾರ್ಡಿನದ್ದು ಏನಾಗಿದೆ ಅಂತ ದಯವಿಟ್ಟು ಕೇಳಿ.

ನೆರಳಿನ ವಿಷಯಕ್ಕೂ ಬರುತ್ತೇನೆ. ಘಟ್ಟದ ಮೇಲಿನವರು "ನಿಮ್ಮಲ್ಲಿ 35 ಡಿಗ್ರಿ ತಾನೇ" ಅಂತಾರೆ. ಅವರಿಗೆ ನಮ್ಮ ಸೆಕೆ ಗೊತ್ತಿಲ್ಲ. ಗಾಳಿಯಲ್ಲೇ ನೀರಿನಂಶ ತುಂಬಿರುವುದರಿಂದ ಬೆವರು ಆರುವುದಿಲ್ಲ, ಮೈ ತಣಿಯುವುದಿಲ್ಲ. ನಮ್ಮ ಬಸ್ ಸ್ಟಾಪಿನಲ್ಲಿ ಮೊದಲು ಒಂದು ದೊಡ್ಡ ಬಾದಾಮಿ ಮರ ಇತ್ತು. ರಸ್ತೆ ಅಗಲ ಮಾಡುವಾಗ ಹೋಯಿತು. ಈಗ ಮಧ್ಯಾಹ್ನ ಬಸ್ಸಿಗೆ ಕಾಯುವ ಹೆಂಗಸರು ಕರೆಂಟು ಕಂಬದ ನೆರಳಿನಲ್ಲಿ ಒಬ್ಬರ ಹಿಂದೆ ಒಬ್ಬರು ಸಾಲಾಗಿ ನಿಲ್ಲುತ್ತಾರೆ. ಕಂಬದ ನೆರಳು ಎಷ್ಟು ಅಗಲ ಇರುತ್ತದೆ, ಯೋಚಿಸಿ. ಅದನ್ನು ನೋಡಿದ ಮೇಲೆ ನನಗೆ ಬೇರೆ ಯಾವ ಅಭಿವೃದ್ಧಿಯ ಮಾತೂ ಕಿವಿಗೆ ಹೋಗುವುದಿಲ್ಲ. ಒಂದು ಶೀಟಿನ ಚಪ್ಪರ, ಕೂರಲು ಒಂದು ಕಲ್ಲಿನ ಹಾಸು, ಪಕ್ಕದಲ್ಲಿ ಒಂದು ರೆಂಜೆ (ಬಕುಳ) ಅಥವಾ ನೇರಳೆ ಗಿಡ. ತಂತಿಯ ಕೆಳಗೆ ನೆಡುವುದು ಬೇಡ, ಆಮೇಲೆ ಕಡಿಯುವುದೇ ಆಗುತ್ತದೆ. ಬುಡಕ್ಕೆ ಕಾಂಕ್ರೀಟ್ ಮುಟ್ಟದ ಹಾಗೆ ಮೂರು ನಾಲ್ಕು ಅಡಿ ಮಣ್ಣು ಬಿಡಬೇಕು. ಆ ಮಣ್ಣು ಮಳೆಗಾಲದಲ್ಲಿ ನೀರನ್ನೂ ಕುಡಿಯುತ್ತದೆ.

ನಮ್ಮ ಮನೆಯ ಕೆಲಸ ಮೊನ್ನೆ ಮುಗಿಯಿತು. ತಾರಸಿಯ ಎರಡು ಪೈಪು ಸೇರಿಸಿ ಒಂದು ಡ್ರಮ್ಮಿಗೆ ಬಿಟ್ಟಿದ್ದೇವೆ. ಡ್ರಮ್ಮಿನೊಳಗೆ ಕೆಳಗೆ ಜಲ್ಲಿ, ಮಧ್ಯೆ ಇದ್ದಿಲು, ಮೇಲೆ ಮರಳು, ಬಾಯಿಗೆ ಬಲೆ. ಅಲ್ಲಿಂದ ಬಾವಿಗೆ. ಮೊದಲ ಎರಡು ಮೂರು ಮಳೆಯ ನೀರು ಧೂಳು, ಹಕ್ಕಿ ಹಿಕ್ಕೆ ಎಲ್ಲ ತೊಳೆದುಕೊಂಡು ಬರುತ್ತದೆ, ಅದು ಹೊರಗೆ ಹೋಗಲು ಬೇರೆ ವಾಲ್ವ್ ಇಟ್ಟಿದ್ದೇವೆ. ಗೇಟಿನ ಹತ್ತಿರದ ನಾಲ್ಕು ಸಾಲು ಇಂಟರ್‌ಲಾಕ್ ಕಿತ್ತು ಮಣ್ಣು ಬಿಟ್ಟಿದ್ದೇವೆ. ಅಮ್ಮ ಅಲ್ಲಿ ಬಸಳೆ ಚಪ್ಪರ ಹಾಕುತ್ತಾರಂತೆ. ಎಲ್ಲ ಸೇರಿ ಆರು ಟ್ಯಾಂಕರ್ ನೀರಿನ ದುಡ್ಡು ಖರ್ಚಾಯಿತು.

ಆದರೆ ಒಬ್ಬರೇ ಮಾಡಿದರೆ ಬಾವಿ ತುಂಬಿ ನಿಲ್ಲುವುದಿಲ್ಲ, ಇದನ್ನು ಬಾವಿ ತೋಡುವವರೇ ನನಗೆ ಹೇಳಿದ್ದು. ನಮ್ಮದು ಮುರಕಲ್ಲು, ತೂತು ತೂತು. ನಾವು ಬಿಟ್ಟ ನೀರು ನಮ್ಮ ಬಾವಿಯಲ್ಲೇ ಕೂರದೆ ಕೆಳಗಿನವರ ಬಾವಿಗೆ ಇಳಿಯುತ್ತದೆ, ಮೇಲಿನವರು ಬಿಟ್ಟದ್ದು ನಮಗೆ ಬರುತ್ತದೆ. ಇಡೀ ಗುಡ್ಡೆ ನೆನೆದರೆ ಮಾತ್ರ ಎಲ್ಲರ ಬಾವಿಯಲ್ಲೂ ಮೇ ತನಕ ನೀರು. ಹಾಗಂತ ಗುಡ್ಡ ಕಡಿದು ನೆಟ್ಟಗೆ ಮಾಡಿದ ಜಾಗದ ಅಂಚಿನಲ್ಲಿ ಇಂಗುಗುಂಡಿ ಮಾಡಬೇಡಿ. ಮುರಕಲ್ಲಿನ ಕೆಳಗೆ ಶೇಡಿ ಮಣ್ಣು (ಜೇಡಿಯಂಥ ಮೆದು ಮಣ್ಣು) ಇದ್ದರೆ ನೀರು ಕುಡಿದು ಜರಿಯುತ್ತದೆ.

ಈಗ 22ರಲ್ಲಿ ಒಂಬತ್ತು ಮನೆಯವರು ಪೈಪು ತಿರುಗಿಸಲು ಒಪ್ಪಿದ್ದಾರೆ. ಪತ್ತನಾಜೆಗೆ ಇನ್ನು ಹದಿನಾರು ದಿನ ಉಂಟು. ಬರುವ ಭಾನುವಾರ ಬೆಳಿಗ್ಗೆ ಏಳಕ್ಕೆ, ಬಿಸಿಲು ಏರುವ ಮೊದಲು, ಆ ಅಡ್ಡ ಪೈಪಿನ ಹತ್ತಿರದ ಹೂಳು ತೆಗೆಯುತ್ತೇವೆ. ಹೊತ್ತೊಯ್ಯಲು ಒಂದು ಪಿಕಪ್‌ಗೆ ಹೇಳಿ ಆಗಿದೆ. ನಮ್ಮ ಓಣಿಯವರು ಇದನ್ನು ಓದುತ್ತಿದ್ದರೆ ಹಾರೆ, ಬುಟ್ಟಿ ಏನಿದ್ದರೂ ತನ್ನಿ. ಚಹಾ ಬಾಯಮ್ಮನ ಮನೆಯಲ್ಲಿ.