ಯಾರಿಗೆ ಯಾವ ಔಷಧ: ಮೂರನೆಯ ತಿಂಗಳ ದಾಖಲೆ

ಮೊದಲಿಗೆ ಒಂದು ತಿದ್ದುಪಡಿ. ರೋಗಿಯ ವಿವರ ನೋಡಿ ಎರಡು ಔಷಧ ಜೋಡಿಗಳಲ್ಲಿ ಯಾವುದನ್ನು ಕೊಡಬೇಕೆಂದು ಹೇಳುವ ಒಂದು ಚಿಕಿತ್ಸಾ ನಿಯಮವನ್ನು ಕಟ್ಟುತ್ತಿದ್ದೇನೆ. ಕಳೆದ ತಿಂಗಳು ನಾನು ಬರೆದಿಟ್ಟ ಅದರ ಫಲಿತಾಂಶವನ್ನು ನಂಬುವಂತಿಲ್ಲ. ಯಾವ ರೋಗಿಗಳ ಮಾಹಿತಿಯಿಂದ ನಿಯಮವನ್ನು ಕಟ್ಟಿದ್ದೆನೋ ಅದೇ ಮಾಹಿತಿಯ ಮೇಲೆ ಅದನ್ನು ಅಳೆದಿದ್ದೆ.

ಬಳಸುತ್ತಿರುವುದು ಎಸಿಟಿಜಿ 175 ಎಂಬ ಎಚ್‌ಐವಿ ಔಷಧ ಪ್ರಯೋಗದ ಮಾಹಿತಿ. 1996ರಲ್ಲಿ ಫಲಿತಾಂಶ ಪ್ರಕಟವಾದ ಈ ಪ್ರಯೋಗದ 2,139 ರೋಗಿಗಳ ವಿವರ ಅಂಕಿಅಂಶ ಲೆಕ್ಕದ ‘ಆರ್’ ತಂತ್ರಾಂಶದ ಒಂದು ಪ್ಯಾಕೇಜಿನಲ್ಲಿ ಎಲ್ಲರಿಗೂ ಸಿಗುತ್ತದೆ. ನಮ್ಮದೇ ಮಂಗನ ಕಾಯಿಲೆಯನ್ನು ಏಕೆ ತೆಗೆದುಕೊಳ್ಳಲಿಲ್ಲ ಎಂದು ಕೇಳಿದವರಿದ್ದಾರೆ. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಗುರುತಿಸಿದ ಆ ವೈರಾಣುವಿಗೆ ನಿರ್ದಿಷ್ಟ ಔಷಧವೇ ಇಲ್ಲದಿರುವಾಗ ಎರಡರಲ್ಲಿ ಒಂದನ್ನು ಆರಿಸುವ ಪ್ರಶ್ನೆ ಏಳುವುದಿಲ್ಲ.

ಪ್ರಯೋಗದ ನಾಲ್ಕು ಚಿಕಿತ್ಸೆಗಳಲ್ಲಿ ಎರಡನ್ನು ಆರಿಸಿಕೊಂಡಿದ್ದೇನೆ: ಜಿಡೊವುಡಿನ್ ಜೊತೆ ಡಿಡನೊಸಿನ್, ಇಲ್ಲವೇ ಜಿಡೊವುಡಿನ್ ಜೊತೆ ಜಾಲ್ಸಿಟಬಿನ್. (ಜಾಲ್ಸಿಟಬಿನ್ ಮಾರಾಟ 2006ರಲ್ಲೇ ನಿಂತಿದೆ, ಇದು ವಿಧಾನ ಕಲಿಯುವ ಅಭ್ಯಾಸವೇ ಹೊರತು ಯಾರಿಗೂ ಸಲಹೆಯಲ್ಲ.) ಸರಾಸರಿಯಲ್ಲಿ ಯಾವುದು ಮೇಲು ಎಂಬುದು ನನ್ನ ಪ್ರಶ್ನೆಯಲ್ಲ, ವಯಸ್ಸು, ದೇಹತೂಕ, ಆರಂಭದ ಸಿಡಿ4 ಎಣಿಕೆ (ಎಚ್‌ಐವಿ ದಾಳಿಮಾಡುವ ರೋಗನಿರೋಧಕ ಕಣಗಳು ರಕ್ತದಲ್ಲಿ ಎಷ್ಟಿವೆ ಎಂಬ ಲೆಕ್ಕ) ನೋಡಿ ಯಾರಿಗೆ ಯಾವುದನ್ನು ಕೊಟ್ಟರೆ ಸುಮಾರು 20 ವಾರಗಳ ನಂತರ ಆ ಎಣಿಕೆ ಹೆಚ್ಚಿರುತ್ತದೆ ಎಂಬುದು.

ನಿಯಮವನ್ನು ಅಳೆಯುವುದು ಹೀಗೆ. 40 ವರ್ಷದ ಒಬ್ಬರಿಗೆ ನಿಯಮ ಡಿಡನೊಸಿನ್ ಜೋಡಿಯನ್ನು ಸೂಚಿಸಿ, ಪ್ರಯೋಗದಲ್ಲಿಯೂ ಅವರಿಗೆ ಅದೇ ಸಿಕ್ಕಿದ್ದರೆ ಅವರನ್ನು ಲೆಕ್ಕಕ್ಕೆ ತೆಗೆದುಕೊಳ್ಳುತ್ತೇನೆ, ಇಲ್ಲವಾದರೆ ಬಿಡುತ್ತೇನೆ. ಚೀಟಿ ಎತ್ತಿದಂತೆ ಸಮವಾಗಿ ಹಂಚಿದ್ದರಿಂದ, ಉಳಿದ ಪ್ರತಿಯೊಬ್ಬರೂ ಬಿಟ್ಟುಹೋದ ತಮ್ಮಂಥ ಇನ್ನೊಬ್ಬರ ಪರವಾಗಿಯೂ ನಿಲ್ಲುತ್ತಾರೆ. ಎರಡು ಸಲ ಎಣಿಕೆಯಾಗುತ್ತಾರೆ. ಆಸ್ಪತ್ರೆಯ ದಿನನಿತ್ಯದ ದಾಖಲೆಗಳಲ್ಲಿ ಈ ಸೌಲಭ್ಯವಿಲ್ಲ, ಏಕೆಂದರೆ ಅಲ್ಲಿ ಕಾಯಿಲೆಯ ತೀವ್ರತೆ ನೋಡಿ ವೈದ್ಯರು ಆಗಲೇ ಆರಿಸಿರುತ್ತಾರೆ.

ಈ ತಿಂಗಳು ರೋಗಿಗಳನ್ನು ಎರಡು ಪಾಲು ಮಾಡಿ, ಒಂದರಲ್ಲಿ ನಿಯಮ ಕಟ್ಟಿ ಇನ್ನೊಂದರಲ್ಲಿ ಅಳೆದೆ. ಮೊದಲು ಕಂಡಿದ್ದ ಲಾಭದಲ್ಲಿ ಬಹುಪಾಲು ಕರಗಿತು. ಬೇಸರವಾಯಿತು, ಆದರೆ ಈ ಅಂಕಿಯೇ ನಿಜಕ್ಕೆ ಹತ್ತಿರ.

ನಿಯಮದ ರೂಪ ಎರಡೇ ಕವಲಿನ ಒಂದು ಮರ: 34 ವರ್ಷದವರೆಗೆ ಒಂದು ಜೋಡಿ, 35ರಿಂದ ಇನ್ನೊಂದು. ಆ ಮರವನ್ನು ಕಾಗದದಲ್ಲಿ ಬರೆದು ತೀರ್ಥಹಳ್ಳಿಯ ವೈದ್ಯ ಮಿತ್ರರಿಗೆ ತೋರಿಸಿದಾಗ ಅವರು ಕೇಳಿದ ಮೊದಲ ಮಾತು: “34ಕ್ಕೂ 35ಕ್ಕೂ ಔಷಧಿ ಬದಲಾಗುವಷ್ಟು ವ್ಯತ್ಯಾಸ ಉಂಟಾ ಮಾರಾಯ್ರೆ?” ಮನೆಗೆ ಬಂದು ಪಾಲುಗಳನ್ನು ಮತ್ತೆ ಮತ್ತೆ ಬೆರೆಸಿ ಲೆಕ್ಕ ಹಾಕಿದೆ. ಹೆಚ್ಚಿನ ಸಲ ಮರ ವಯಸ್ಸಿನಲ್ಲೇ ಕವಲೊಡೆಯಿತು. ಗಡಿ ಮಾತ್ರ ಪ್ರತಿ ಸಲವೂ ಕೆಲವು ವರ್ಷ ಆಚೀಚೆ ಸರಿಯಿತು. ಆದ್ದರಿಂದ ಮುಂದಿನ ರೂಪದಲ್ಲಿ ಗಡಿಯ ಸುತ್ತಲಿನ ವಯಸ್ಸಿನವರಿಗೆ ನಿಯಮವು ‘ಎರಡೂ ಸಮ’ ಎಂದು ಹೇಳಿ, ಆಯ್ಕೆಯನ್ನು ವೈದ್ಯರಿಗೂ ರೋಗಿಗೂ ಬಿಡುತ್ತದೆ.