ಗೇಮಿಂಗ್ ಪಿಸಿಗೆ ಎರಡು ಕೋರ್ ಸಾಕಾ, ನಾಲ್ಕು ಬೇಕಾ?

ನನ್ನ ಪರಿಚಯದವರು ಯಾರೇ ಬೆಂಗಳೂರಿನ ಕಂಪ್ಯೂಟರ್ ಅಂಗಡಿಗಳ ಬೀದಿ ಎಸ್.ಪಿ. ರೋಡಿಗೆ ಹೊರಟರೂ ಟೌನ್ ಹಾಲ್ ಹತ್ತಿರ ಬಂದಾಗ ನನಗೊಂದು ಫೋನ್ ಮಾಡುತ್ತಾರೆ. ಪ್ರಶ್ನೆ ಒಂದೇ: "ಗೇಮ್ ಆಡೋಕೆ ಪಿಸಿ ತಗೊಳ್ತಿದ್ದೀನಿ, ಡ್ಯುಯಲ್ ಕೋರ್ ಸಾಕಾ, ಕ್ವಾಡ್ ಕೋರೇ ಬೇಕಾ?" ಹೆಚ್ಚಾಗಿ ಸೆಕೆಂಡ್ ಹ್ಯಾಂಡ್ ಹುಡುಕುವವರು. ಕೋರ್ ಅಂದರೆ ಪ್ರೊಸೆಸರ್ ಒಳಗೆ ಕೆಲಸ ಮಾಡುವ ಒಂದೊಂದು ಘಟಕ; ಡ್ಯುಯಲ್ ಅಂದರೆ ಎರಡು, ಕ್ವಾಡ್ ಅಂದರೆ ನಾಲ್ಕು.

ನಾಲ್ಕು ಬೇಕು. ಅದೂ ಕನಿಷ್ಠ.

ಇದನ್ನೇ 2008ರಲ್ಲಿ ಕೇಳಿದ್ದರೆ ಎರಡು ಸಾಕು ಅನ್ನುತ್ತಿದ್ದೆ. ಆಗ ನಾನು ತಗೊಂಡಿದ್ದು ಇಂಟೆಲ್ ಕೋರ್ 2 ಡ್ಯುವೋ ಇ8400, ಎರಡು ಕೋರ್, ವೇಗ 3 ಗಿಗಾಹರ್ಟ್ಸ್. ಗೆಳೆಯ ತಗೊಂಡಿದ್ದು ಕೋರ್ 2 ಕ್ವಾಡ್ ಕ್ಯೂ6600, ನಾಲ್ಕು ಕೋರ್, ಆದರೆ 2.4 ಗಿಗಾಹರ್ಟ್ಸ್. ಅವನನ್ನು ಆಡಿಕೊಂಡಿದ್ದಕ್ಕೆ ಲೆಕ್ಕವೇ ಇಲ್ಲ. ದರ್ಶಿನಿಯಲ್ಲಿ ದೋಸೆ ಹಾಕುವವರು ನಾಲ್ಕು ಜನ ಇದ್ದರೂ ಬಂದಿರೋದು ಒಂದೇ ಆರ್ಡರ್ ಆದರೆ ಮೂವರು ಸುಮ್ನೆ ನಿಂತಿರುತ್ತಾರೆ, ಆಗ ಬೇಕಾಗೋದು ಕೈ ಚುರುಕಾಗಿರುವ ಒಬ್ಬ, ಅಲ್ವಾ? ಆಗಿನ ಗೇಮ್‌ಗಳಲ್ಲಿ ಹೆಚ್ಚಿನವು ಹಾಗೇ ಇದ್ದವು.

2013ರಲ್ಲಿ ಟಿವಿಗೆ ಹಾಕಿ ಗೇಮ್ ಆಡುವ ಪ್ಲೇಸ್ಟೇಷನ್ 4, ಎಕ್ಸ್‌ಬಾಕ್ಸ್ ಒನ್ ಬಂದವು. ಎರಡರಲ್ಲೂ ಎಂಟು ಕೋರ್, ಆದರೆ ಒಂದೊಂದೂ ನಿಧಾನ. ಹಾಗಾಗಿ ಗೇಮ್ ಮಾಡುವವರು ಕೆಲಸವನ್ನು ಹಂಚಲೇಬೇಕಾಯಿತು, ಅದೇ ಗೇಮ್‌ಗಳು ಪಿಸಿಗೂ ಬಂದವು. 2015ರಲ್ಲಿ ಜಿಟಿಎ 5 ಅನ್ನೋ ಗೇಮ್ ಪಿಸಿಗೆ ಬಂದಾಗ ಕನಿಷ್ಠ ಏನಿರಬೇಕು ಅನ್ನೋ ಪಟ್ಟಿಯಲ್ಲಿ ಇದ್ದದ್ದು ಯಾವುದು ಗೊತ್ತಾ? ಕ್ಯೂ6600. ಗೆಳೆಯ ಫೋನ್ ಮಾಡಿ ಅದನ್ನು ಓದಿ ಹೇಳಿದ. ಎರಡು ಸಲ.

ಎರಡು ಕೋರ್‌ನಲ್ಲಿ ಗೇಮ್ ಓಡುವುದೇ ಇಲ್ಲ ಅಂತಲ್ಲ. ಎಫ್‌ಪಿಎಸ್, ಅಂದರೆ ಸೆಕೆಂಡಿಗೆ ಎಷ್ಟು ಚಿತ್ರ ಬರುತ್ತದೆ ಅನ್ನೋ ಲೆಕ್ಕ, ಚೆನ್ನಾಗೇ ಕಾಣುತ್ತದೆ, ಆದರೆ ಹಿಂದೆ ವಿಂಡೋಸ್, ಆಂಟಿವೈರಸ್, ಗೆಳೆಯರ ಜೊತೆ ಮಾತಾಡುವ ಡಿಸ್ಕಾರ್ಡ್ ಆ್ಯಪ್ ಎಲ್ಲಕ್ಕೂ ಅದೇ ಎರಡರಲ್ಲಿ ಜಾಗ ಬೇಕಲ್ಲ, ಸರಿಯಾಗಿ ಗುಂಡು ಹಾರಿಸುವ ಹೊತ್ತಿಗೆ ಸಿಲ್ಕ್ ಬೋರ್ಡ್ ಜಂಕ್ಷನ್ ಥರ ನಿಂತುಬಿಡುತ್ತದೆ. ಜಿಟಿಎ ಸ್ಯಾನ್ ಆಂಡ್ರಿಯಾಸ್‌ನಂಥ ಹಳೇ ಗೇಮನ್ನಷ್ಟೇ ಆಡೋದಾದರೆ ಬೇರೆ ಮಾತು.

ಒಂದು ಮಾತು: ಸ್ಟಿಕ್ಕರ್ ನಂಬಬೇಡಿ. "ಐ7 ಸಾರ್" ಅಂತ ತೋರಿಸುವ ಹಳೇ ಲ್ಯಾಪ್‌ಟಾಪ್‌ನಲ್ಲಿ ಐ7-7500ಯು ಇದ್ದರೆ ಅದರಲ್ಲಿರೋದು ಎರಡೇ ಕೋರ್. 2017ರ ಐ3-8100 ಡೆಸ್ಕ್‌ಟಾಪ್ ಪ್ರೊಸೆಸರ್‌ನಲ್ಲಿ ನಾಲ್ಕಿವೆ. ಅದರ ಹಿಂದಿನ ಐ3-7100ರಲ್ಲಿ ಎರಡೇ ಕೋರ್, ನಾಲ್ಕು ಥ್ರೆಡ್. ಅಂದರೆ ಒಂದೊಂದು ಕೋರ್ ಎರಡೆರಡು ಕೆಲಸವನ್ನು ಒಟ್ಟಿಗೆ ಹಿಡಿದುಕೊಳ್ಳುತ್ತದೆ, ಅಷ್ಟೇ. ಅಂಗಡಿಯವರು ಥ್ರೆಡ್ಡನ್ನೇ ಕೋರ್ ಅಂತ ಎಣಿಸಿಬಿಡುತ್ತಾರೆ. ವಿಂಡೋಸ್ 11ರ ಅಧಿಕೃತ ಪಟ್ಟಿಯಲ್ಲಿ 8100 ಇದೆ, 7100 ಇಲ್ಲ.

ಹೊಸದೇ ತಗೊಳ್ಳೋದಾದರೆ ಐ3-12100ಎಫ್ ಸಾಕು, ನಾಲ್ಕು ಕೋರ್, ಎಂಟು ಥ್ರೆಡ್. ಕೊನೆಯಲ್ಲಿರುವ ಆ 'ಎಫ್' ಅಂದರೆ ಪರದೆಗೆ ಚಿತ್ರ ಕೊಡುವ ಗ್ರಾಫಿಕ್ಸ್ ಒಳಗೆ ಇಲ್ಲ, ಬೇರೆ ಗ್ರಾಫಿಕ್ಸ್ ಕಾರ್ಡ್ ಹಾಕಲೇಬೇಕು. ಇನ್ನಷ್ಟು ದುಡ್ಡಿದ್ದರೆ ಆರು ಕೋರ್‌ನ ರೈಜನ್ 5 5600. ಅದಕ್ಕೂ ಮೇಲೆ ಹೋಗಬೇಡಿ, ಮಿಕ್ಕಿದ್ದನ್ನು ಗ್ರಾಫಿಕ್ಸ್ ಕಾರ್ಡಿಗೆ ಹಾಕಿ.

ದುಡ್ಡು ಕೊಡುವ ಮೊದಲು ಅಂಗಡಿಯಲ್ಲೇ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಒತ್ತಿ ಟಾಸ್ಕ್ ಮ್ಯಾನೇಜರ್ ತೆಗೆಸಿ, ಪರ್ಫಾರ್ಮೆನ್ಸ್‌ನಲ್ಲಿ ಕೋರ್ ಎಷ್ಟು ಅಂತ ನೀವೇ ನೋಡಿ. "ಮನೇಲಿ ನೋಡ್ಕೊಳಿ ಸಾರ್" ಅಂದರೆ ಪಕ್ಕದ ಅಂಗಡಿಗೆ ಹೋಗಿ. ಆ ರೋಡಿನಲ್ಲಿ ಅಂಗಡಿಗೇನು ಬರವಿಲ್ಲ.