ತಲೆ ಎಣಿಕೆಯಲ್ಲಿದ್ದಾರೆ, ಯಾವ ಮನೆಯಲ್ಲೂ ಇಲ್ಲ

ನಾನು ಕೂರುವುದು ಬೆಂಗಳೂರಿನಲ್ಲಿ, ಬರೆಯುವುದು ಅಮೆರಿಕದ ಹಳ್ಳಿಗಾಡಿನ ಬಗ್ಗೆ. ಅಲ್ಲಿನ ಕೌಂಟಿ ಅಂದರೆ ಹೆಚ್ಚುಕಮ್ಮಿ ನಮ್ಮ ಜಿಲ್ಲೆ ಇದ್ದ ಹಾಗೆ. ಒಂದೊಂದು ಕೌಂಟಿಗೂ ನಾಲ್ಕು ಪುಟದ ಪ್ರೊಫೈಲ್. ಜನ ಎಷ್ಟು, ವಯಸ್ಸೆಷ್ಟು, ಆದಾಯ, ಮನೆ, ಶಾಲೆ, ಆರೋಗ್ಯ ವಿಮೆ. ಅಂಕಿಗಳೆಲ್ಲ ಅಲ್ಲಿನ ಸೆನ್ಸಸ್ ಬ್ಯೂರೋದ ಟೇಬಲ್‌ಗಳಿಂದ ಬರುತ್ತವೆ. ಒಂದಷ್ಟು ವರ್ಷ ಮಾಡಿದ ಮೇಲೆ ಕೈ ತಾನಾಗಿ ಓಡುತ್ತದೆ. ನನ್ನ ಕೈ ಎಡವಿದ್ದು ಕ್ರೌಲಿ ಕೌಂಟಿಯಲ್ಲಿ.

ಕೊಲೊರಾಡೊ ರಾಜ್ಯದ ಆಗ್ನೇಯಕ್ಕೆ, ಅರ್ಕನ್ಸಾಸ್ ನದಿಯ ಬಯಲಿನಲ್ಲಿದೆ ಇದು. ಸುಮಾರು 800 ಚದರ ಮೈಲಿ ಜಾಗ. 2020ರ ಜನಗಣತಿಯಲ್ಲಿ 5,922 ಜನ. ನಮ್ಮ ಕಡೆಯ ಒಂದು ದೊಡ್ಡ ಊರಿನಷ್ಟು ಮಂದಿ ಅಷ್ಟಗಲಕ್ಕೆ ಹರಡಿಕೊಂಡಿದ್ದಾರೆ ಅಂದುಕೊಳ್ಳಿ. ಕ್ಲೈಂಟ್ ಆರೋಗ್ಯ ಸೇವೆಯವರು. ಅಲ್ಲಿ ಯಾರಿಗೆ ಏನು ಬೇಕು ಅಂತ ತಿಳಿಯಬೇಕಿತ್ತು.

ನನ್ನ ಮೊದಲ ಕರಡು ಬಹಳ ಸಲೀಸಾಗಿ ಬಂತು. 1980ರಲ್ಲಿ ಸುಮಾರು 3 ಸಾವಿರ ಇದ್ದ ಜನ 2000ದ ಹೊತ್ತಿಗೆ 5,518 ಆಗಿದ್ದರು. ಹೆಂಗಸರಿಗಿಂತ ಗಂಡಸರು ಎಷ್ಟೋ ಜಾಸ್ತಿ, ಅದೂ ದುಡಿಯುವ ವಯಸ್ಸಿನವರು. ತಲಾ ಆದಾಯ ಮಾತ್ರ ತುಂಬಾ ಕಡಿಮೆ. ನಾನು ಬರೆದೆ: 'ಬೆಳೆಯುತ್ತಿರುವ ಕೌಂಟಿ. ಕೆಲಸ ಹುಡುಕಿ ಬರುವ ಗಂಡಸರು ಹೆಚ್ಚು. ಸಂಬಳ ಕಡಿಮೆ.' ಟೇಬಲ್‌ನ ಒಂದು ಅಂಕಿಯೂ ತಪ್ಪಿರಲಿಲ್ಲ.

ನಮ್ಮ ಟೀಮ್ ಲೀಡ್ ಮೇಡಂ ಓದಿ ಒಂದೇ ಪ್ರಶ್ನೆ ಕೇಳಿದರು. "ಇಷ್ಟು ಗಂಡಸರು ಬಂದಿದ್ದಾರೆ ಅಂತೀರಲ್ಲ, ಇವರೆಲ್ಲ ಯಾವ ಮನೆಯಲ್ಲಿದ್ದಾರೆ? ಜನ ಇರೋ ಮನೆಗಳನ್ನ, ಮನೆಗೆ ಸರಾಸರಿ ಎಷ್ಟು ಜನ ಅನ್ನೋದರಿಂದ ಗುಣಿಸಿ ನೋಡಿ."

ಗುಣಿಸಿದೆ. ಲೆಕ್ಕ ಕೂಡಲಿಲ್ಲ. ಒಟ್ಟು ಜನರಲ್ಲಿ ದೊಡ್ಡ ಪಾಲಿಗೆ ಮನೆಯೇ ಇರಲಿಲ್ಲ. ಆಮೇಲೆ 2020ರ ಜನಗಣತಿಯ ಪಿ5 ಟೇಬಲ್ ತೆಗೆದೆ. ಹಾಸ್ಟೆಲ್, ವೃದ್ಧಾಶ್ರಮ, ಬ್ಯಾರಕ್, ಜೈಲು, ಹೀಗೆ ಗುಂಪಾಗಿ ಇರುವವರ ಲೆಕ್ಕ ಅದರಲ್ಲಿರುತ್ತದೆ. ಕ್ರೌಲಿಯಲ್ಲಿ ಆ ಜನ ಇದ್ದದ್ದು ಜೈಲಿನಲ್ಲಿ.

ಕೌಂಟಿಯಲ್ಲಿ ಎರಡು ಸೆರೆಮನೆಗಳಿವೆ. ಸರ್ಕಾರದ ಅರ್ಕನ್ಸಾಸ್ ವ್ಯಾಲಿ ಜೈಲು 1987ರಲ್ಲಿ ಶುರುವಾಯಿತು. ಓಲ್ನಿ ಸ್ಪ್ರಿಂಗ್ಸ್ ಹತ್ತಿರದ ಖಾಸಗಿ ಜೈಲು 1998ರಲ್ಲಿ. ನಾನು ಬೆಳವಣಿಗೆ ಅಂದುಕೊಂಡ ಏರಿಕೆ ಇವುಗಳ ಬೆನ್ನಿಗೇ ಬಂದಿತ್ತು. ಕೈದಿಯನ್ನು ಅವನ ಸ್ವಂತ ಊರಲ್ಲಿ ಎಣಿಸುವುದಿಲ್ಲ, ಎಣಿಕೆಯ ದಿನ ಇರುವ ಜೈಲಿನ ವಿಳಾಸದಲ್ಲೇ ಎಣಿಸುತ್ತಾರೆ. ಚುನಾವಣಾ ಕ್ಷೇತ್ರಗಳ ಗಡಿ ಎಳೆಯುವಾಗ ಅವರನ್ನು ಸ್ವಂತ ಊರಿಗೇ ಸೇರಿಸಬೇಕು ಅಂತ ಕೊಲೊರಾಡೊ 2020ರಲ್ಲಿ ಕಾನೂನು ಮಾಡಿತು. ಆದರೆ ನಮ್ಮ ಕೈಗೆ ಬರುವ ಟೇಬಲ್‌ಗಳಲ್ಲಿ ಅವರು ಕ್ರೌಲಿಯವರೇ.

ಇನ್ನೂ ಸೂಕ್ಷ್ಮವಾದದ್ದು ಆದಾಯದ ಸಂಗತಿ. ತಲಾ ಆದಾಯವನ್ನು ಎಲ್ಲ ತಲೆಗಳಿಗೂ ಭಾಗಿಸುತ್ತಾರೆ, ಕೈದಿಗಳೂ ಸೇರಿ. ಅದಕ್ಕೇ ಅದು ಅಷ್ಟು ಕೆಳಗೆ ಕುಸಿದಿತ್ತು. ಕುಟುಂಬಗಳ ಮಧ್ಯಾಂಕ ಆದಾಯದಲ್ಲಿ, ಅಂದರೆ ಆದಾಯದ ಪ್ರಕಾರ ಸಾಲಾಗಿ ನಿಲ್ಲಿಸಿದರೆ ನಟ್ಟನಡುವೆ ಬರುವ ಮನೆಯ ಆದಾಯದಲ್ಲಿ, ಮನೆಗಳು ಮಾತ್ರ ಬರುತ್ತವೆ. ಬಡತನದ ಲೆಕ್ಕದಲ್ಲೂ ಕೈದಿಗಳನ್ನು ಬಿಟ್ಟಿರುತ್ತಾರೆ. ಒಂದೇ ಪುಟದಲ್ಲಿ ನಾನು ಮೂರು ಅಂಕಿ ಪಕ್ಕಪಕ್ಕ ಇಟ್ಟಿದ್ದೆ. ಮೂರೂ ಒಂದೇ ಜನರ ಬಗ್ಗೆ ಹೇಳುತ್ತಿರಲಿಲ್ಲ. ಇದು ಗೊತ್ತಾದಾಗ ಹೊಟ್ಟೆಯಲ್ಲಿ ಏನೋ ತಳಮಳ. ಅಲ್ಲಿಯವರೆಗೆ ಕಳಿಸಿದ್ದ ಎಷ್ಟು ಪ್ರೊಫೈಲ್‌ಗಳಲ್ಲಿ ಹೀಗೆ ಆಗಿರಬಹುದು ಅಂತ ಹಳೆಯ ಫೈಲ್‌ಗಳನ್ನೆಲ್ಲ ಮತ್ತೆ ತೆರೆದೆ.

ಸಣ್ಣ ಕೌಂಟಿಗಳಿಗೆ ಇನ್ನೊಂದು ತೊಂದರೆಯೂ ಇದೆ. ಅಮೆರಿಕನ್ ಕಮ್ಯುನಿಟಿ ಸರ್ವೆ ಅಂತ ಸೆನ್ಸಸ್ ಬ್ಯೂರೋದ ಒಂದು ಮಾದರಿ ಸಮೀಕ್ಷೆ ಇದೆ. ಅದರ ಒಂದು ವರ್ಷದ ಪೂರ್ತಿ ಅಂಕಿಗಳು 65 ಸಾವಿರಕ್ಕಿಂತ ಕಡಿಮೆ ಜನ ಇರುವ ಕಡೆಗೆ ಸಿಗುವುದಿಲ್ಲ. ಐದು ವರ್ಷದ ಮಾದರಿಗಳನ್ನು ಕೂಡಿಸಿದ ಅಂದಾಜೇ ಗತಿ. ಜೊತೆಗೆ ದೊಡ್ಡ ತಪ್ಪಿನ ಅಂತರ, ಅಂದರೆ ಅಂದಾಜು ಎಷ್ಟು ಹೆಚ್ಚುಕಮ್ಮಿ ಇರಬಹುದು ಅನ್ನುವ ಅಳತೆ. ಎರಡು ಅಂಕಿಗಳ ನಡುವೆ ಕಾಣುವ ಏರಿಳಿತ ಎಷ್ಟೋ ಸಲ ಆ ಅಂತರದ ಒಳಗೇ ಇರುತ್ತದೆ.

ಹಾಗಾದರೆ ಜೈಲು ಬರುವ ಮೊದಲು ಅಲ್ಲಿ ಏನಿತ್ತು? ಇದನ್ನು ಯಾರೂ ಕೇಳಿರಲಿಲ್ಲ, ನನಗೇ ತಿಳಿಯಬೇಕಿತ್ತು. ಅಲ್ಲಿ ಇದ್ದದ್ದು ಬೇಸಾಯ. ಶುಗರ್ ಸಿಟಿ ಅನ್ನೋ ಊರೇ ಇದೆ, ಬೀಟ್‌ನಿಂದ ಸಕ್ಕರೆ ಮಾಡುವ ಕಾರ್ಖಾನೆಯಿಂದ ಬಂದ ಹೆಸರು. ಒಂದು ಕಾಲಕ್ಕೆ ಸುಮಾರು 50 ಸಾವಿರ ಎಕರೆ ನೀರಾವರಿ ಇತ್ತು. 1970, 80ರ ದಶಕಗಳಲ್ಲಿ ರೈತರು ಕಾಲುವೆಯ ನೀರಿನ ಪಾಲನ್ನು ಕೊಲೊರಾಡೊ ಸ್ಪ್ರಿಂಗ್ಸ್, ಪ್ಯೂಬ್ಲೊ, ಅರೋರಾ ನಗರಗಳಿಗೆ ಮಾರಿದರು. ಬೆಳೆಗೆ ಬೆಲೆ ಇರಲಿಲ್ಲ, ಸಾಲ ಇತ್ತು, ನೀರಿಗೆ ಒಳ್ಳೆಯ ದುಡ್ಡು ಸಿಗುತ್ತಿತ್ತು. ನೀರು ಹೋಯಿತು, ಹೊಲ ಒಣಗಿತು. ನಾನು ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆ ಭಾಗದ ಊರಿನವನು. ನೀರು ಬರದ ಕಾಲುವೆಯ ಪಕ್ಕದ ಹೊಲ ಹೇಗಿರುತ್ತದೆ ಅಂತ ಯಾರೂ ನನಗೆ ಹೇಳಿಕೊಡಬೇಕಿಲ್ಲ. ಆದರೂ ಆ ಒಣ ಹೊಲವನ್ನು ನನ್ನ ಕರಡಿನಲ್ಲಿ 'ಬೆಳವಣಿಗೆ' ಅಂತ ಬರೆದಿದ್ದೆ. ಅದು ಈಗಲೂ ನೋಯಿಸುತ್ತದೆ.

ಎರಡನೇ ಕರಡಿಗೆ ನಾಲ್ಕು ದಿನ ಹಿಡಿಯಿತು. ಕೈದಿಗಳನ್ನು ತೆಗೆದುಬಿಡೋಣ ಅಂತ ಮೊದಲು ಅನ್ನಿಸಿತ್ತು. ಮೇಡಂ ಒಪ್ಪಲಿಲ್ಲ. "ಅವರಿಗೂ ಕಾಯಿಲೆ ಬರುತ್ತೆ. ಬೇರೆ ಕಾಲಂ ಮಾಡಿ, ಅಳಿಸಬೇಡಿ" ಅಂದರು. ಹಾಗೇ ಮಾಡಿದೆವು. ಮನೆಗಳಲ್ಲಿರುವವರು ಒಂದು ಕಾಲಂ, ಜೈಲಿನಲ್ಲಿರುವವರು ಇನ್ನೊಂದು. ಪ್ರತಿ ಆದಾಯದ ಅಂಕಿಯ ಕೆಳಗೂ ಅದು ಯಾರ ಆದಾಯ ಅಂತ ಒಂದು ಸಾಲು.

ಪ್ರೊಫೈಲ್‌ನ ಮೊದಲ ವಾಕ್ಯ ಈಗ ಹೀಗಿದೆ: 'ಕ್ರೌಲಿ ಕೌಂಟಿಯಲ್ಲಿ 5,922 ಜನರನ್ನು ಎಣಿಸಲಾಗಿದೆ, ಇವರಲ್ಲಿ ಬಹಳ ಮಂದಿ ಇಲ್ಲಿಗೆ ತಾವಾಗಿ ಬಂದವರಲ್ಲ.'